ಈ ಚೀಲ ಯಾರ್ದು?

ಹದಿನೇಳು ವರ್ಷದಿಂದ ದಿನಕ್ಕೆ ನೂರು ಸಲ
ನಾನೇ ಕೂಗಿ ಕೇಳಿದ ಪ್ರಶ್ನೆ.
ಇವತ್ತು ರಾತ್ರಿ ಹತ್ತೂವರೆಗೆ
ಅಡುಗೆಮನೆ ನೆಲದಲ್ಲಿ ಬಾಯ್ದೆರೆದು ಕೂತ
ಜೋಡಿ ಚೀಲದ ಮುಂದೆ ಕೇಳಿಕೊಂಡೆ:
ಈ ಚೀಲ ಯಾರ್ದು?

ನಂದು.
ನಾಲಿಗೆಗೆ ಹೊಸ ಮಾತು.

ನಾಲ್ಕು ದಿನ ರಜೆ ಬರೆದಿದ್ದೇನೆ.
ಕಾರಣದ ಜಾಗದಲ್ಲಿ 'ಸೈಕಲ್' ಅಂತ ಕಂಡು
ಡಿಪೋದ ಟಿ.ಐ. ಕನ್ನಡಕ ಎತ್ತಿದರು,
"ತಗೊಳ್ಳೋಕಾ?"
"ಅಲ್ಲ ಸಾರ್, ತುಳಿಯೋಕೆ."

ಹಾಸನ ಹಗರೆ ಬೇಲೂರು ಚಿಕ್ಕಮಗಳೂರು
ಮೂಡಿಗೆರೆ ಹಾನುಬಾಳು ಸಕಲೇಶಪುರ ಆಲೂರು, ಮತ್ತೆ ಹಾಸನ.
ಒಂದೇ ಉಸಿರಲ್ಲಿ ಕೂಗಬಲ್ಲೆ.
ಉಸಿರು ಹಿಡಿದು ಏರಬಲ್ಲೆನೇ, ಕಾಣೆ.
ಬೇಲೂರಿನ ರಸ್ತೆ ನನಗೆ ಗೊತ್ತಿರುವುದು
ಅಂಗಾಲಿನಿಂದ: ಎಲ್ಲಿ ಹಂಪು, ಎಲ್ಲಿ ತಿರುವು,
ಎಲ್ಲಿ ಯಾವ ಕಂಬಿ ಹಿಡಿದು ಚಿಲ್ಲರೆ ಎಣಿಸಬೇಕು.
ಮುಂದಿನ ಗಾಜಿನಲ್ಲಿ ಏನು ಕಾಣುತ್ತದೋ
ಅದು ಡ್ರೈವರ ಪಾಲು.

ಜೊತೆಗೆ ಬರುವವಳು ಕ್ಯಾಷ್ ಸೆಕ್ಷನ್ನಿನ ಗುಲ್ನಾಜ್.
ನಾಣ್ಯದ ಹಾಗೆ ಸಾಮಾನನ್ನೂ ಗುಡ್ಡೆ ಮಾಡಿ
ಫೋನಲ್ಲಿ ಓದಿದಳು: ಟ್ಯೂಬು ಎರಡು, ಪಾನ ಒಂದು,
ಪಂಕ್ಚರಿನ ಅಂಟು, ಚೈನಿಗೆ ಎಣ್ಣೆ, ಜ್ವರದ ಮಾತ್ರೆ,
ತೊಡೆ ಉಜ್ಜಿದರೆ ಹಚ್ಚಲು ವ್ಯಾಸಲೀನು.
"ಲೆಕ್ಕ ತಾಳೆ ಆಯ್ತು ಕಣೇ, ಮಲಕ್ಕೋ."

ತಾಳೆಯಾಗದ್ದು ನನ್ನ ಮನೆಯಲ್ಲಿ.
ಹಳೇ ಪೇಪರಿನ ಸಿದ್ದಣ್ಣನ ಕೊಕ್ಕೆ ತಕ್ಕಡಿಗೆ
ಮಗ ತನ್ಮಯ ಚೀಲ ನೇತುಹಾಕಿದ:
ಹದಿಮೂರು ಕಿಲೋ ಚಿಲ್ಲರೆ.
ಸೈಕಲ್ಲು ಅವನದು, ಆದ್ದರಿಂದ ಬಾಯಿಯೂ ಅವನದೇ,
"ಏರಲ್ಲಿ ಒಂದೊಂದು ಗ್ರಾಮೂ ಮಾತಾಡುತ್ತೆ ಅಮ್ಮಾ."

ಎಷ್ಟು ಜನರ ಜೊತೆ ಕಾದಾಡಿಲ್ಲ ನಾನು,
ಅಕ್ಕಿಮೂಟೆಗೆ, ಗ್ಯಾಸಿನ ಒಲೆಗೆ,
ಒಮ್ಮೆ ಹೊಲಿಗೆ ಮಿಷನ್ನಿಗೆ.
"ಇದೇನ್ ಮಹಾ ಭಾರ ಮೇಡಂ" ಅನ್ನೋರು ಎಲ್ಲರೂ.
ನನ್ನ ಬಾಯಿಗೂ ಅದೇ ಬಂತು.
ನುಂಗಿಕೊಂಡೆ.

ತೆಗೆದೆ, ಎರಡನೇ ಸ್ವೆಟರು.
ಚಟ್ನಿಪುಡಿಯ ಸ್ಟೀಲ್ ಡಬ್ಬಿ; ಪುಡಿ ಕವರಿಗೆ.
ಛತ್ರಿ. ಸೈಕಲ್ ಮೇಲೆ ಛತ್ರಿ ಹಿಡಿಯೋರು ಸರ್ಕಸ್ಸಿನವರು.
ಯಾರಾದರೂ ಮನೆಗೆ ಕರೆದರೆ ಅಂತ ಇಟ್ಟ ಸೀರೆ.
ಕರೆದರೆ, ಬೆವರಿನ ಪ್ಯಾಂಟಲ್ಲೇ ಕಾಫಿ ಕುಡಿದರಾಯ್ತು.
ಮೆತ್ತೆ ಹೊಲಿದ ಆ ಚಡ್ಡಿ ಮಾತ್ರ ಇರಲಿ;
ನಿಂತೇ ದುಡಿದವಳಿಗೆ
ಕೂರೋದೂ ಒಂದು ಕಸರತ್ತು.

ಅತ್ತೆ ಕೋಡುಬಳೆ ತುರುಕಿದರು.
ತನ್ಮಯ ತೆಗೆದ. ಅವರು ಮತ್ತೆ ತುರುಕಿದರು.
ನಾನು ನೋಡಲಿಲ್ಲ,
ಕೋಳಿಯನ್ನು ಸೀಟಿನಡಿ ತಳ್ಳುವವರನ್ನು
ಕೆಲವು ದಿನ ನೋಡದೇ ಇದ್ದ ಹಾಗೆ.

ಕೋಳಿ ಅಂದಾಗ ನೆನಪಾಯ್ತು.
ಸಂಕ್ರಾಂತಿಗೆ ಮುಂಚೆ ಹಗರೆಯಲ್ಲಿ ಇಳಿದವನು,
ಕಂಕುಳಲ್ಲಿ ಎರಡು ಹುಂಜ. ಎರಡಕ್ಕೂ ಟಿಕೆಟ್ ಕೊಟ್ಟಿದ್ದೆ,
ಹಿಂದೆ ಬರೆದಿದ್ದೆ: ಬಾಕಿ ಅರವತ್ತಮೂರು.
ಒಂದು ಹುಂಜ ಬಿಡಿಸಿಕೊಂಡು ಹಾರಿತು,
ಅದರ ಹಿಂದೆ ಇವನು. ಟೈಮಾಗಿತ್ತು.
ಸೀಟಿ ಊದಿದ್ದು ನಾನೇ.
ಆಮೇಲೆ ಎಷ್ಟು ಸಲ ಹಗರೆ ದಾಟಿದೆನೋ,
ಹುಡುಕಲು ಸಿಕ್ಕಿದ್ದು ಪ್ರತಿಸಲ ಅರ್ಧ ನಿಮಿಷ.
ಈಗ ಸಿಗುತ್ತದೆ ಸಮಯ. ಹುಂಜ ಸಾಕುವ ಮನೆ ಯಾವುದು ಅಂತ
ಕಾಲೂರಿ ನಿಂತು ಕೇಳಬಹುದು.
ಅರವತ್ತರ ನೋಟು, ಮೂರು ಬಿಲ್ಲೆ
ಬೇರೆ ಕವರಿನಲ್ಲಿ ಕಟ್ಟಿದೆ.
ಗ್ರಾಮಿನ ಲೆಕ್ಕದವನು ಏನೂ ಅನ್ನಲಿಲ್ಲ.

ಉಳಿದದ್ದು ಮೊಳೆಯ ಮೇಲಿನ ಸೀಟಿ.
ತಗೊಂಡೆ. ಅಲ್ಲೇ ಮಡಗಿದೆ. ಮತ್ತೆ ತಗೊಂಡೆ.
ಊದಿದರೆ ಹೊರಡಲು ಮುಂದೆ ಯಾರೂ ಇಲ್ಲ,
ನಿಲ್ಲಿಸಲೂ ಇಲ್ಲ.
ಸೀಟಿ ಮೊಳೆಗೆ, ದಾರ ಚೀಲಕ್ಕೆ;
ದಾರ ಯಾವುದಕ್ಕಾದರೂ ಬರುತ್ತೆ.

ಒಂಬತ್ತು ಕಿಲೋ ಇನ್ನೂರು. ಜಿಪ್ ಎಳೆದು
ದೀಪ ಆರಿಸುವ ಹೊತ್ತಿಗೆ ಫೋನು.
ಹನ್ನೊಂದೂ ಮುಕ್ಕಾಲು, ಗುಲ್ನಾಜಳ ಪಿಸುದನಿ:
"ಏಯ್, ಪಂಪು ಯಾರ ಚೀಲದಲ್ಲೇ?"